ದಂಡಿನ ಹುಡುಗರ ಕಾಲ್ಚೆಂಡು

ಇತಿಹಾಸದ ಪಾಠ ಹೇಳುವವರು ಮಾಡಬಾರದ ತಪ್ಪೊಂದನ್ನು ನಾನು 2004ರಲ್ಲಿ ಮಾಡಿದೆ. ಆಗ ನಾನು ಹಲಸೂರಿನ ಕಡೆಯ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರು. ಬೇಸಿಗೆ ರಜೆಗೆ ಮುಂಚೆ ಒಂಬತ್ತನೆಯ ತರಗತಿಯ ಮಕ್ಕಳಿಗೆ "ನಮ್ಮ ಊರಿನ ಇತಿಹಾಸ" ಎಂದು ನಾಲ್ಕು ಪುಟ ಬರೆದು ತರಲು ಹೇಳಿದ್ದೆ. ಜೂನ್‌ನಲ್ಲಿ ಶಾಲೆ ತೆರೆದಾಗ ಬಂದ ಹಾಳೆಗಳಲ್ಲಿ ಅರ್ಧಕ್ಕರ್ಧ ಹಲಸೂರಿನ ಸೋಮೇಶ್ವರ ದೇವಸ್ಥಾನ, ಉಳಿದರ್ಧ ಕೆಂಪೇಗೌಡರ ಗಡಿಗೋಪುರ. ಯಾವ ಪುಸ್ತಕದಿಂದ ಇಳಿಸಿದ್ದಾರೆ ಎನ್ನುವುದು ಕೂಡ ನನಗೆ ಗೊತ್ತಾಗುತ್ತಿತ್ತು. ಒಂದೇ ಒಂದು ಹುಡುಗಿ, ಗೌತಮಪುರದವಳು, ತನ್ನ ತಾತ ಆಡುತ್ತಿದ್ದ ಫುಟ್ಬಾಲ್ ಕ್ಲಬ್ಬಿನ ವಿಷಯ ಬರೆದು ತಂದಿದ್ದಳು. ಕ್ಲಬ್ಬು ಯಾವಾಗ ಶುರುವಾಯಿತು, ಯಾರಿಗೆ ಸೋತಿತು, ಚೆಂಡು ಎಲ್ಲಿಂದ ತಂದರು, ಜೆರ್ಸಿಗೆ ಚಂದಾ ಯಾರು ಕೊಟ್ಟರು, ಎಲ್ಲ ಇತ್ತು. ಕಾಗುಣಿತದ ತಪ್ಪುಗಳೂ ಬೇಕಾದಷ್ಟಿದ್ದವು.

ನಾನು ಮಾರ್ಜಿನ್ನಿನಲ್ಲಿ ಕೆಂಪು ಮಸಿಯಲ್ಲಿ ಬರೆದೆ: "ಇದು ಇತಿಹಾಸವಲ್ಲ. ಬೇರೆ ಬರೆದು ತಾ." ಮುಂದಿನ ವಾರ ಅವಳೂ ಕೆಂಪೇಗೌಡರ ಗೋಪುರ ತಂದಳು. ಹತ್ತಕ್ಕೆ ಎಂಟು ಅಂಕ ಕೊಟ್ಟೆ.

ಅದು ನೆನಪಾದದ್ದು 2017ರ ಆಗಸ್ಟ್ ಕೊನೆಯಲ್ಲಿ, ಬೆಂಗಳೂರಿನ ಅಹ್ಮದ್ ಖಾನ್ ತೀರಿಕೊಂಡರೆಂಬ ಸುದ್ದಿ ಪತ್ರಿಕೆಯಲ್ಲಿ ಓದಿದಾಗ. ಎರಡು ಒಲಿಂಪಿಕ್ಸ್‌ನಲ್ಲಿ ಆಡಿದವರು, 1951ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದವರು, ಕಾಲಿನಲ್ಲಿ ಚೆಂಡನ್ನು ಆಡಿಸುವ ಚಮತ್ಕಾರಕ್ಕೆ "ಹಾವಾಡಿಗ" ಎಂದು ಹೆಸರಾದವರು. ಆ ಹೆಸರನ್ನು ಎಲ್ಲಿ ಓದಿದ್ದೇನೆ, ಎಲ್ಲಿ ಓದಿದ್ದೇನೆ ಎಂದು ಒಗ್ಗರಣೆ ಸೀಯುವವರೆಗೂ ಯೋಚಿಸಿದೆ. ಆಮೇಲೆ ಹೊಳೆಯಿತು. ಆ ಹುಡುಗಿಯ ಎರಡನೆಯ ಪುಟದಲ್ಲಿತ್ತು: ಅವಳ ತಾತ ಚಿಕ್ಕಂದಿನಲ್ಲಿ ಅಹ್ಮದ್ ಖಾನರ ಆಟ ನೋಡಲು ಬೇಲಿಯ ಕೆಳಗೆ ನುಸುಳಿದ್ದರಂತೆ.

ಅಂದಿನಿಂದ ಬಿಡುವಿದ್ದಾಗಲೆಲ್ಲ ಈ ಆಟದ ಹಿಂದೆ ಬಿದ್ದಿದ್ದೇನೆ. ನಾನೇನೂ ಫುಟ್ಬಾಲ್ ಬಲ್ಲವಳಲ್ಲ. ಆಫ್‌ಸೈಡ್ ಎಂದರೇನೆಂದು ನನ್ನ ತಮ್ಮ ಉಪ್ಪಿನ ಡಬ್ಬಿ, ಸಾಸಿವೆ ಡಬ್ಬಿ ಇಟ್ಟು ಮೂರು ಸಲ ತೋರಿಸಿದ್ದಾನೆ, ಮೂರು ಸಲವೂ ಮರೆತಿದ್ದೇನೆ. ನನಗೆ ಬೇಕಾದದ್ದು, ನಾನು ಯಾವುದನ್ನು ಇತಿಹಾಸವಲ್ಲ ಎಂದು ತಳ್ಳಿಬಿಟ್ಟೆನೋ ಅದು ಏನಾಗಿತ್ತು ಎನ್ನುವುದು.

ಬೆಂಗಳೂರಿನ ಹಳಬರು ಕಂಟೋನ್ಮೆಂಟನ್ನು ದಂಡು ಎನ್ನುತ್ತಾರೆ. ಪೇಟೆ ಒಂದು ಊರು, ದಂಡು ಇನ್ನೊಂದು. ಬ್ರಿಟಿಷರು ಶ್ರೀರಂಗಪಟ್ಟಣದ ಹವೆ ಒಗ್ಗದೆ ಸೈನ್ಯವನ್ನು ಇಲ್ಲಿಗೆ ತಂದು 1809ರಲ್ಲಿ ದಂಡು ಕಟ್ಟಿದರು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅದು ಮೈಸೂರಿನ ಕೈಗೆ ಬಂದದ್ದು 1947ರಲ್ಲಿ, ಪೇಟೆ ಮತ್ತು ದಂಡು ಒಂದೇ ನಗರಸಭೆಯ ಅಡಿಯಲ್ಲಿ ಬಂದದ್ದು 1949ರಲ್ಲಿ. ಇಷ್ಟು ನಮ್ಮ ಪಾಠದಲ್ಲೂ ಇದೆ. ಪಾಠದಲ್ಲಿ ಇಲ್ಲದ್ದು, ದಂಡಿನಲ್ಲಿ ಬದುಕಿದವರ ವಿಷಯ. ಗೋರಾ ಸಿಪಾಯಿಗಳ ಹಿಂದೆ ಬಂದ ತಮಿಳು ಕೂಲಿಗಳು, ಕುದುರೆ ನೋಡಿಕೊಳ್ಳುವವರು, ಬಟ್ಟೆ ಒಗೆಯುವವರು, ಅಡಿಗೆ ಮಾಡುವ ಬಟ್ಲರುಗಳು, ಶಿವಾಜಿನಗರದ ದಖನಿ ಮಾತಿನ ಮುಸ್ಲಿಮರು, ಇವರೆಲ್ಲ ಅಲ್ಲಿ ಗಲ್ಲಿ ಗಲ್ಲಿಗಳಲ್ಲಿ ನೆಲೆ ನಿಂತರು. ಇಂದಿನ ಗೌತಮಪುರವನ್ನು ಹಳಬರು ಈಗಲೂ ಗನ್ ಟ್ರೂಪ್ ಎಂದೇ ಕರೆಯುವುದು. ಹೆಸರೇ ಹೇಳುತ್ತದೆ, ಯಾರ ಪಕ್ಕದಲ್ಲಿ ಆ ಕೇರಿ ಬೆಳೆಯಿತು ಎಂದು.

ಸಿಪಾಯಿಗಳಿಗೆ ಸಂಜೆ ಕಳೆಯಲು ಫುಟ್ಬಾಲ್ ಬೇಕಿತ್ತು. ಆಡುವುದಕ್ಕೆ ಪರೇಡ್ ಮೈದಾನಗಳಿದ್ದವು. ಆಡುವವರು ಬೂಟು ಹಾಕಿದವರು, ಗೆರೆಯಾಚೆ ಹೋದ ಚೆಂಡನ್ನು ಎತ್ತಿ ತರುವವರು ಬರಿಗಾಲಿನ ಹುಡುಗರು. ಎತ್ತಿ ತರುವವನು ಕೈಯಲ್ಲೇಕೆ ತರುತ್ತಾನೆ? ಕಾಲಲ್ಲೇ ಒದ್ದು ತರುತ್ತಾನೆ. ಕ್ರಿಕೆಟ್ಟಿಗೆ ಬ್ಯಾಟು, ಪ್ಯಾಡು, ಟೆನಿಸ್ಸಿಗೆ ಕ್ಲಬ್ಬಿನ ಸದಸ್ಯತ್ವ ಬೇಕು. ಇದಕ್ಕೆ ಒಂದು ಚೆಂಡು ಸಾಕು, ಅದೂ ಇಪ್ಪತ್ತೆರಡು ಜನಕ್ಕೆ. ಚಿಂದಿ ಸುತ್ತಿ ಕಟ್ಟಿದ ಉಂಡೆಯಾದರೂ ನಡೆಯುತ್ತದೆ. ಬಡವರ ಕೇರಿಗಳಲ್ಲಿ ಈ ಆಟ ಬೇರುಬಿಟ್ಟದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ. ಬಂಗಾಳದಲ್ಲೂ ಹಾಗೆಯೇ. 1911ರಲ್ಲಿ ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಗೆದ್ದದ್ದು ಸ್ವಾತಂತ್ರ್ಯ ಹೋರಾಟದ ಪುಸ್ತಕಗಳಲ್ಲೂ ಬರುತ್ತದೆ.

ನಮ್ಮ ಊರಿನ ಸಂಗತಿ ಮಾತ್ರ ಬರುವುದಿಲ್ಲ. ಮುಂಬೈಯಲ್ಲಿ ರೋವರ್ಸ್ ಕಪ್ ಎಂಬ ಪಂದ್ಯಾವಳಿ 1891ರಲ್ಲಿ ಶುರುವಾಯಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದನ್ನು ಗೆದ್ದವರಲ್ಲಿ ಒಂದು ಭಾರತೀಯ ತಂಡವೂ ಇರಲಿಲ್ಲ. 1937ರಲ್ಲಿ ಮೊದಲ ಸಲ ಒಂದು ಭಾರತೀಯ ತಂಡ ಆ ಕಪ್ಪನ್ನು ಎತ್ತಿತು. ಯಾವ ತಂಡ ಅಂತೀರಿ? ಕಲ್ಕತ್ತೆಯದಲ್ಲ, ಮುಂಬೈಯದೂ ಅಲ್ಲ. ಬೆಂಗಳೂರು ಮುಸ್ಲಿಮ್ಸ್. ಫೈನಲಿನಲ್ಲಿ ಎದುರಿಗಿದ್ದದ್ದು ಮೊಹಮ್ಮದನ್ ಸ್ಪೋರ್ಟಿಂಗ್, 1934ರಿಂದ 1938ರವರೆಗೆ ಐದು ವರ್ಷ ಒಂದೇ ಸಮನೆ ಕಲ್ಕತ್ತಾ ಲೀಗ್ ಗೆದ್ದ ಮಹಾ ತಂಡ. ದೇಶದ ಮೂಲೆಮೂಲೆಗಳಿಂದ, ನಮ್ಮ ಬೆಂಗಳೂರಿನಿಂದಲೂ, ಆಟಗಾರರನ್ನು ಆರಿಸಿ ಕರೆಸಿಕೊಂಡಿದ್ದ ತಂಡ ಅದು. ಅಂಥವರನ್ನು ಊರಲ್ಲಿ ಉಳಿದ ಹುಡುಗರು ಒಂದು ಗೋಲಿನಿಂದ ಸೋಲಿಸಿದರು. ಮರುವರ್ಷ, 1938ರಲ್ಲಿ, ಕಪ್ಪು ಮತ್ತೆ ಬೆಂಗಳೂರಿಗೇ ಬಂತು. ಹತ್ತು ವರ್ಷದ ಮೇಲೆ, 1948ರಲ್ಲಿ, ಮೂರನೆಯ ಸಲ. ಸೋಮೇಶ್ವರ ದೇವಸ್ಥಾನದ ಕಂಬಗಳನ್ನು ಎಣಿಸಿ ಬರೆಸುವ ನಾನು ಇದನ್ನು ಯಾವ ಮಗುವಿಗೂ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

1948 ಎಂದೆನಲ್ಲ, ಅದೇ ವರ್ಷ ಲಂಡನ್ ಒಲಿಂಪಿಕ್ಸ್. ಸ್ವತಂತ್ರ ಭಾರತದ ಮೊದಲ ಫುಟ್ಬಾಲ್ ತಂಡ ಅಲ್ಲಿಗೆ ಹೊರಟಿತು. ನಾಯಕ ನಾಗಾ ಬೆಟ್ಟಗಳಿಂದ ಬಂದ ಡಾಕ್ಟರು, ತಾಲಿಮೆರೆನ್ ಆವೊ. ತಂಡದಲ್ಲಿ ನಮ್ಮ ಊರಿನ ಸಾರಂಗಪಾಣಿ ರಾಮನ್, ಅಹ್ಮದ್ ಖಾನ್, ಧನರಾಜ್ ಇದ್ದರು. ಜುಲೈ 31ರಂದು ಫ್ರಾನ್ಸ್ ವಿರುದ್ಧ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು, ಇಲ್ಲವೆ ಕಾಲಿಗೆ ಬಟ್ಟೆ ಸುತ್ತಿಕೊಂಡವರು. ಫ್ರೆಂಚರು ಒಂದು ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ರಾಮನ್ ಅದನ್ನು ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದೇ, ನಮ್ಮ ದಂಡಿನ ಕಡೆಯ ಹುಡುಗನ ಕಾಲಿನದು. ನಮಗೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ವ್ಯರ್ಥವಾದವು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2–1ರಿಂದ ಗೆದ್ದಿತು. ಆ ಎರಡು ಪೆನಾಲ್ಟಿಗಳನ್ನು ನೆನೆದರೆ ಎಪ್ಪತ್ತೈದು ವರ್ಷಕ್ಕೂ ಹಿಂದಿನ ಪಂದ್ಯಕ್ಕೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ನೋಡಿ.

ಈ ಪಂದ್ಯ ನಡೆದದ್ದು ಲಂಡನ್ನಿನ ಪೂರ್ವಕ್ಕಿರುವ ಇಲ್ಫರ್ಡ್ ಎಂಬ ಊರಿನಲ್ಲಿ. ನಮ್ಮ ಹೊರಮಾವಿನ ಹಾಗೆ, ಮೊದಲು ಬೇರೆ ಊರಾಗಿದ್ದು ಆಮೇಲೆ ಮಹಾನಗರದ ಹೊಟ್ಟೆಯೊಳಗೆ ಸೇರಿಕೊಂಡದ್ದು. ಆ ಊರಿಗೆ ಒಂದು ಸ್ವಂತ ಕ್ಲಬ್ಬಿತ್ತು, ಹುಟ್ಟಿದ್ದು 1881ರಲ್ಲಿ. ನಮ್ಮ ದಂಡು ಒಡೆಯರ ಕೈತಪ್ಪಿ ಬ್ರಿಟಿಷರಲ್ಲೇ ಉಳಿದ ಅದೇ ವರ್ಷ. ನಾನು ರಾಮನ್‌ರ ಗೋಲನ್ನು ಹುಡುಕಿಕೊಂಡು ಹೋಗಿ ಈ ಕ್ಲಬ್ಬಿನ ಕಥೆಯಲ್ಲಿ ಸಿಕ್ಕಿಹಾಕಿಕೊಂಡೆ.

ಇಂಗ್ಲೆಂಡಿನಲ್ಲಿ 1888ರಲ್ಲಿ ದೊಡ್ಡ ಕ್ಲಬ್ಬುಗಳು ಸೇರಿ ಲೀಗ್ ಕಟ್ಟಿಕೊಂಡವು. ಅಲ್ಲಿ ಆಟಗಾರರಿಗೆ ಸಂಬಳ ಉಂಟು. ಅದರ ಹೊರಗೆ ಉಳಿದ ನೂರಾರು ಸಣ್ಣ ಕ್ಲಬ್ಬುಗಳನ್ನು ಲೀಗೇತರ ಕ್ಲಬ್ಬುಗಳು ಎನ್ನುತ್ತಾರೆ. ಇವುಗಳಲ್ಲಿ ಅನೇಕವು ಹವ್ಯಾಸಿಗಳವು. ವಾರವೆಲ್ಲ ಕಚೇರಿಯಲ್ಲೋ ಕಾರ್ಖಾನೆಯಲ್ಲೋ ದುಡಿದು ಶನಿವಾರ ಮಧ್ಯಾಹ್ನ ಆಡುವವರು. ಇಲ್ಫರ್ಡ್ ಇಂಥ ಕ್ಲಬ್ಬು. 1905ರಲ್ಲಿ ಇಸ್ತ್ಮಿಯನ್ ಲೀಗ್ ಎಂಬ ಹವ್ಯಾಸಿಗಳ ಕೂಟ ಹುಟ್ಟಿದಾಗ ಇದೂ ಅದರ ಸ್ಥಾಪಕ ಸದಸ್ಯ. ಆ ಕೂಟದ ಧ್ಯೇಯವಾಕ್ಯ ಲ್ಯಾಟಿನ್ನಿನಲ್ಲಿದೆ, "ಗೌರವವೇ ಸಾಕು" ಎಂದು ಅರ್ಥ. ಗೆದ್ದವರಿಗೆ ಮೊದಮೊದಲು ಕಪ್ಪೂ ಇಲ್ಲ, ಪದಕವೂ ಇಲ್ಲ! ನಮ್ಮ ಕೇರಿಯ ಹುಡುಗರಿಗೆ ಈ ಲ್ಯಾಟಿನ್ ವಾಕ್ಯ ಕೇಳಿಸಿದ್ದರೆ ನಕ್ಕುಬಿಡುತ್ತಿದ್ದರೇನೋ. ಗೌರವ ಸಾಕು ಎನ್ನಬೇಕಾದರೆ ಮನೆಯಲ್ಲಿ ಅಕ್ಕಿ ಇರಬೇಕು.

ಇಲ್ಫರ್ಡ್ ಕ್ಲಬ್ಬು 1929 ಮತ್ತು 1930ರಲ್ಲಿ ಇಂಗ್ಲೆಂಡಿನ ಹವ್ಯಾಸಿಗಳ ಕಪ್ಪನ್ನು ಗೆದ್ದಿತು. ನಮ್ಮ ಬೆಂಗಳೂರು ಮುಸ್ಲಿಮ್ಸ್‌ನಂತೆಯೇ ಸತತ ಎರಡು ವರ್ಷ. 1974ರಲ್ಲಿ ಹವ್ಯಾಸಿ, ವೃತ್ತಿಪರ ಎಂಬ ಭೇದವನ್ನೇ ಅಲ್ಲಿನ ಸಂಸ್ಥೆ ತೆಗೆದುಹಾಕಿತು. ಆ ಕಪ್ಪಿನ ಕೊನೆಯ ಫೈನಲಿನಲ್ಲಿ ಆಡಿ ಸೋತದ್ದೂ ಇಲ್ಫರ್ಡೇ. ಐದು ವರ್ಷದ ಮೇಲೆ, 1979ರಲ್ಲಿ, ಪಕ್ಕದ ಊರು ಲೇಟನ್‌ಸ್ಟನ್ನಿನ ಕ್ಲಬ್ಬಿನೊಡನೆ ಸೇರಿಕೊಂಡಿತು. ಸೇರಿದ ಕ್ಲಬ್ಬು ಇನ್ನೊಂದರೊಡನೆ, ಅದು ಮತ್ತೊಂದರೊಡನೆ ಸೇರಿ 1992ರ ಹೊತ್ತಿಗೆ ಇಲ್ಫರ್ಡ್ ಎಂಬ ಹೆಸರೇ ಅದರಲ್ಲಿ ಇರಲಿಲ್ಲ. ಮದುವೆಯಾದ ಹೆಣ್ಣಿನ ತವರಿನ ಹೆಸರು ಹೋದ ಹಾಗೆ. ಆದರೆ ಊರಿನವರು ಅಷ್ಟಕ್ಕೆ ಬಿಡಲಿಲ್ಲ. 1987ರಲ್ಲಿ ಹಳೆಯ ಹೆಸರಿನಲ್ಲೇ ಇಲ್ಫರ್ಡ್ ಕ್ಲಬ್ಬನ್ನು ಹೊಸದಾಗಿ ಕಟ್ಟಿಕೊಂಡರು.

ನನಗೆ ಆಶ್ಚರ್ಯವಾದದ್ದು ಇದಲ್ಲ. ನಮ್ಮ ದೇಶದ ಶಾಲಾ ಶಿಕ್ಷಕಿಯೊಬ್ಬಳು ಇಲ್ಲಿ ಹೊರಮಾವಿನಲ್ಲಿ ಕೂತು, ಸಂಬಳವಿಲ್ಲದೆ ಆಡಿದ ಆ ಸಣ್ಣ ಕ್ಲಬ್ಬಿನ ಹುಟ್ಟು, ಗೆಲುವು, ಸೋಲು, ಸಾವು, ಮರುಹುಟ್ಟು ಎಲ್ಲವನ್ನೂ ಇಸವಿ ಸಮೇತ ತಿಳಿದುಕೊಳ್ಳಬಹುದು. ಯಾರೋ ಬರೆದಿಟ್ಟಿದ್ದಾರೆ. ಪಂದ್ಯದ ದಿನ ಮಾರುವ ನಾಲ್ಕು ಹಾಳೆಯ ಪತ್ರಿಕೆಯನ್ನು ಯಾರೋ ಮಡಚಿ ಎತ್ತಿಟ್ಟಿದ್ದಾರೆ. ಅದೇ ನನ್ನ ಬಸ್ಸಿನ ದಾರಿಯಲ್ಲಿದ್ದ ಗೌತಮಪುರದ ಕ್ಲಬ್ಬಿನ ಬಗ್ಗೆ ಬರೆದಿದ್ದವಳು ಒಬ್ಬಳೇ ಹುಡುಗಿ, ಅದನ್ನು ಅಳಿಸಿ ಬೇರೆ ಬರೆದು ತಾ ಎಂದವಳು ನಾನು.

ರಾಮನ್ ಗೋಲಿನ ನಂತರದ ಕಥೆ ಬೇಗ ಹೇಳಿಬಿಡುತ್ತೇನೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮವರನ್ನು 10–1ರಿಂದ ಸದೆಬಡಿಯಿತು. ಆ ಒಂದು ಗೋಲು ಅಹ್ಮದ್ ಖಾನರದು. ಅದಾದ ಮೇಲೆ ಬೂಟು ಕಡ್ಡಾಯವಾಯಿತು. ಅಷ್ಟರಲ್ಲಿ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದ್ದರು. ಅಲ್ಲಿ ಮುಂದಿನ ಸಾಲಿನ ಐವರನ್ನು ಪಂಚಪಾಂಡವರೆಂದು ಜನ ಕರೆಯುತ್ತಿದ್ದರು. ಐವರಲ್ಲಿ ಇಬ್ಬರು ನಮ್ಮವರು. ಬೆಂಗಳೂರಿನ ಕೇರಿ ಬೆಳೆಸುವುದು, ಕಲ್ಕತ್ತೆ ಕರೆದುಕೊಳ್ಳುವುದು, ಇದೇ ನಡೆಯುತ್ತಾ ಬಂತು. ದೂರುವಂತಿಲ್ಲ. ಇಲ್ಲಿ ಚಪ್ಪಾಳೆ ಇತ್ತು, ಅಲ್ಲಿ ಕೂಲಿ ಇತ್ತು.

ಊರಿನಲ್ಲಿ ಕೂಲಿ ಹುಟ್ಟಿದ್ದು ಕಾರ್ಖಾನೆಗಳು ಬಂದ ಮೇಲೆ. ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ. ಎಲ್ಲವೂ ಫುಟ್ಬಾಲ್ ತಂಡ ಕಟ್ಟಿದವು. ಚೆನ್ನಾಗಿ ಆಡುವ ಹುಡುಗನಿಗೆ ನೌಕರಿ, ಬೆಳಿಗ್ಗೆ ಅಭ್ಯಾಸಕ್ಕೆ ವಿನಾಯಿತಿ, ನಿವೃತ್ತಿಯವರೆಗೆ ಸಂಬಳ. ಇಲ್ಫರ್ಡಿನವರ "ಗೌರವವೇ ಸಾಕು" ನಮ್ಮಲ್ಲಿ "ಪರ್ಮನೆಂಟ್ ನೌಕರಿ ಸಾಕು" ಎಂದಾಯಿತು. ಇದರಲ್ಲಿ ನನಗೆ ಕೊಂಚವೂ ನಗು ಬರುವುದಿಲ್ಲ, ಯಾಕೆಂದರೆ ನಮ್ಮಪ್ಪ ಐ.ಟಿ.ಐ.ನಲ್ಲಿ ಫಿಟ್ಟರ್. ಸ್ವತಂತ್ರ ಭಾರತ ಸರ್ಕಾರದ ಮೊದಲ ಕಾರ್ಖಾನೆ ಅದು, ಹುಟ್ಟಿದ್ದು 1948ರಲ್ಲಿ, ರಾಮನ್ ಗೋಲು ಹೊಡೆದ ವರ್ಷ. ದೂರವಾಣಿನಗರದ ನಮ್ಮ ಕ್ವಾರ್ಟರ್ಸಿನಲ್ಲಿ ಆಟಗಾರರೂ ಇದ್ದರು. ಅವರೂ ನಮ್ಮಪ್ಪನ ಹಾಗೇ ಊಟದ ಕ್ಯಾರಿಯರ್ ಹಿಡಿದು ಹೋಗುವವರು. ಹಾಗಾಗಿ ಅವರು ಯಾರೆಂದು ನಮಗೆ ಮಕ್ಕಳಿಗೆ ವಿಶೇಷವಾಗಿ ಅನ್ನಿಸಿದ್ದೇ ಇಲ್ಲ.

1977ರಲ್ಲಿ ಭಾರತದ ಕ್ಲಬ್ಬುಗಳಿಗೆಂದು ಫೆಡರೇಷನ್ ಕಪ್ ಎಂಬ ಹೊಸ ಪಂದ್ಯಾವಳಿ ಕೇರಳದ ಎರ್ನಾಕುಲಂನಲ್ಲಿ ಶುರುವಾಯಿತು. ಫೈನಲಿನಲ್ಲಿ ಮೋಹನ್ ಬಗಾನ್. ಎದುರಿಗೆ ಐ.ಟಿ.ಐ. ನಮ್ಮವರು 1–0ರಿಂದ ಗೆದ್ದರು. ಮೊದಲ ಫೆಡರೇಷನ್ ಕಪ್ಪು ಟೆಲಿಫೋನ್ ಮಾಡುವ ಕಾರ್ಖಾನೆಗೆ! ಅದೇ ವರ್ಷ ಸೆಪ್ಟೆಂಬರ್ 24ರಂದು ಪೆಲೆ ತನ್ನ ಕಾಸ್ಮಾಸ್ ತಂಡದೊಡನೆ ಕಲ್ಕತ್ತೆಗೆ ಬಂದು ಇದೇ ಮೋಹನ್ ಬಗಾನ್ ವಿರುದ್ಧ ಆಡಿದ, ಪಂದ್ಯ 2–2ರಲ್ಲಿ ಸಮವಾಯಿತು. ಅಪ್ಪ ಲೆಕ್ಕ ಹಾಕುತ್ತಿದ್ದರು: ಪೆಲೆಗೆ ಸೋಲಿಸಲಾಗದ ತಂಡವನ್ನು ನಮ್ಮ ಶಿಫ್ಟಿನವರು ಸೋಲಿಸಿದರು. ತರ್ಕದಲ್ಲಿ ಏನೋ ತಪ್ಪಿದೆ, ಆದರೆ ಆ ರಾತ್ರಿ ಯಾರೂ ಅದನ್ನು ಹುಡುಕಲಿಲ್ಲ. ಅಮ್ಮ ಕೇಸರಿಬಾತು ಮಾಡಿದ್ದರು. ನನಗಾಗ ಒಂಬತ್ತು ವರ್ಷ. ಮುಂದಿನ ಭಾನುವಾರ ಅಪ್ಪ ತಮ್ಮನನ್ನು ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ಮೈದಾನಕ್ಕೆ ಹೋದರು. ನಾನೂ ಬರ್ತೀನಿ ಅಂದೆ.

"ಅಲ್ಲಿ ಹೆಣ್ಣುಮಕ್ಕಳು ಬರಲ್ಲ ಕಣಮ್ಮ," ಎಂದರು. ಬೈದದ್ದಲ್ಲ, ಅಲ್ಲಿ ಬಸ್ಸು ಹೋಗಲ್ಲ ಎನ್ನುವ ಹಾಗೆ ಹೇಳಿದ್ದು.

ಅವರು ಹೇಳಿದ್ದು ಪೂರ್ತಿ ನಿಜವಲ್ಲ. ಆ ಹೊತ್ತಿಗೆ ಭಾರತದಲ್ಲಿ ಹೆಂಗಸರ ಫುಟ್ಬಾಲಿಗೆ ಒಂದು ಸಂಸ್ಥೆಯೇ, 1975ರಲ್ಲಿ, ಹುಟ್ಟಿತ್ತು. ನಮ್ಮ ಬೆಂಗಳೂರಿನ ಚಿತ್ರಾ ಗಂಗಾಧರನ್ ಭಾರತ ತಂಡಕ್ಕೆ ಆಡುವವರಾದರು. ನಾನು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ದಿನಗಳಲ್ಲಿ ನನಗಿಂತ ಸ್ವಲ್ಪ ದೊಡ್ಡ ಹುಡುಗಿಯರು ಇದೇ ಊರಿನಲ್ಲಿ ಚಡ್ಡಿ ತೊಟ್ಟು ಚೆಂಡಿನ ಹಿಂದೆ ಓಡುತ್ತಿದ್ದರೆಂದು ನನಗೆ ಐವತ್ತು ದಾಟಿದ ಮೇಲೆ ತಿಳಿದದ್ದು. ಈಗ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಂಬ ಕ್ಲಬ್ಬಿನ ಹೆಣ್ಣುಮಕ್ಕಳು ರಾಷ್ಟ್ರೀಯ ಲೀಗಿನಲ್ಲಿ ಆಡುತ್ತಾರೆ, 2022–23ರಲ್ಲಿ ಫೈನಲ್ ತಲುಪಿದ್ದರು.

ಕಾರ್ಖಾನೆಗಳ ಕಾಲವೂ ಮುಗಿಯಿತು. ತೊಂಬತ್ತರ ದಶಕದಿಂದ ಈಚೆಗೆ ಆಟಗಾರರಿಗೆ ನೌಕರಿ ಕೊಡುವುದು ಕಡಿಮೆಯಾಗುತ್ತಾ ಬಂತು. ಟೆಲಿಫೋನೇ ಬದಲಾದಾಗ ಟೆಲಿಫೋನ್ ಕಾರ್ಖಾನೆ ಏನು ಮಾಡೀತು? ಕ್ರಿಕೆಟ್ಟಂತೂ ಮನೆಮನೆಯ ಟಿ.ವಿ.ಯಲ್ಲಿ ಕೂತುಬಿಟ್ಟಿತ್ತು. ಸಂತೋಷ್ ಟ್ರೋಫಿಯ ಲೆಕ್ಕ ನೋಡಿದರೆ ಸಾಕು. ಸಂತೋಷ್ ಎಂದರೆ ನಮ್ಮ ಸಂತೋಷವೇ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅದು ಈಗ ಬಾಂಗ್ಲಾದೇಶದಲ್ಲಿರುವ ಒಂದು ಜಮೀನ್ದಾರಿಯ ಹೆಸರಂತೆ. ರಾಜ್ಯಗಳ ನಡುವಿನ ಈ ಪಂದ್ಯಾವಳಿಯನ್ನು ಮೈಸೂರು 1946–47ರಲ್ಲಿ, 1952–53ರಲ್ಲಿ, ಆಮೇಲೆ 1967–68 ಮತ್ತು 1968–69ರಲ್ಲಿ ಗೆದ್ದಿತು. ಅಲ್ಲಿಗೆ ನಿಂತಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದ ಮೇಲೆ ಆ ಹೆಸರು ಕಪ್ಪಿನ ಮೇಲೆ ಬರಲು ಐವತ್ತು ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ನಡುವೆ, 2013ರಲ್ಲಿ, ಬೆಂಗಳೂರು ಎಫ್.ಸಿ. ಎಂಬ ದೊಡ್ಡ ಕಂಪನಿಯ ಕ್ಲಬ್ಬು ಹುಟ್ಟಿ ಮೊದಲ ವರ್ಷವೇ ರಾಷ್ಟ್ರೀಯ ಲೀಗ್ ಗೆದ್ದಿತು. ಈಗ ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟ ಸಾವಿರಾರು ಹುಡುಗರು ಹುಡುಗಿಯರು ಕೂಗುತ್ತಾರೆ. ಸಂತೋಷವೇ. ಆದರೆ ನಮ್ಮ ಹೊರಮಾವಿನಲ್ಲಿ ನಾನು ಬಂದಾಗ ದನ ಮೇಯುತ್ತಿದ್ದ, ಮಕ್ಕಳು ಆಡುತ್ತಿದ್ದ ಬಯಲುಗಳೆಲ್ಲ ಅಪಾರ್ಟ್‌ಮೆಂಟಾಗಿವೆ. ಆಡಬೇಕಾದರೆ ಪ್ಲಾಸ್ಟಿಕ್ ಹುಲ್ಲು ಹಾಸಿದ, ಬಲೆ ಕಟ್ಟಿದ ಜಾಗಕ್ಕೆ ಗಂಟೆಗಿಷ್ಟೆಂದು ಬಾಡಿಗೆ ಕೊಡಬೇಕು. ಚೆಂಡು ಎತ್ತಿಕೊಡುವ ನೆಪದಲ್ಲಿ ಆಟ ಕಲಿಯುವ ಹುಡುಗನಿಗೆ ಆ ಬಲೆಯೊಳಗೆ ದಾರಿಯಿಲ್ಲ.

ಕಳೆದ ವರ್ಷ ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಆ ಹುಡುಗಿ ಸಿಕ್ಕಳು. ಈಗ ಅವಳಿಗೇ ಒಂಬತ್ತು ವರ್ಷದ ಮಗಳಿದ್ದಾಳೆ. ನಾನಾಗಿಯೇ ಆ ವಿಷಯ ತೆಗೆದೆ. ಅವಳು ನಕ್ಕಳು. "ನನಗೆ ನೆನಪೇ ಇಲ್ಲ ಮಿಸ್" ಎಂದಳು. ಸ್ವಲ್ಪ ತಡೆದು, "ತಾತ ಮಾತ್ರ ಕೇಳ್ತಾನೇ ಇದ್ರು, ಟೀಚರು ಏನಂದ್ರು, ಏನಂದ್ರು ಅಂತ. ಚೆನ್ನಾಗಿದೆ ಅಂದ್ರು ಅಂತ ಹೇಳಿಬಿಟ್ಟೆ" ಎಂದಳು. ತಾತ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅಜ್ಜಿ ಇದ್ದಾರೆ, ಬನ್ನಿ ಎಂದಳು.

ಗೌತಮಪುರಕ್ಕೆ ಹೋದರೆ ಅಲ್ಲೊಂದು ವಿಚಿತ್ರ ಕಾಣುತ್ತದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆಯೂ ನಿಂತಿದೆ. ನಾನು ಎಷ್ಟೋ ವರ್ಷ ಬಸ್ಸಿನಲ್ಲಿ ಆ ಕಡೆ ಓಡಾಡಿದ್ದೇನೆ, ಇಳಿದು ನೋಡಿರಲಿಲ್ಲ.

ಅಜ್ಜಿಗೆ ಎಂಬತ್ತೈದರ ಮೇಲಿರಬೇಕು. ಕಣ್ಣು ಮಂಜು, ಮಾತು ಚುರುಕು, ಕನ್ನಡದಲ್ಲಿ ಅರ್ಧ ತಮಿಳು. ಟೀಚರಮ್ಮ ಬಂದಿದ್ದಾರೆಂದು ಗಡಿಬಿಡಿಯಿಂದ ಬೇರೆ ಸೀರೆ ಉಟ್ಟು ಬಂದರು. ಕ್ಲಬ್ಬಿನ ವಿಷಯ ಕೇಳಿದ್ದಕ್ಕೆ, "ನನಗೇನಮ್ಮ ಗೊತ್ತು, ಗಂಡಸರ ಆಟ" ಎಂದರು. ಆಮೇಲೆ ಒಂದೂವರೆ ಗಂಟೆ ಮಾತಾಡಿದರು. ಹನ್ನೊಂದು ಬನಿಯನ್ನುಗಳನ್ನು ಒಂದೇ ಹಂಡೆಯಲ್ಲಿ ಬಣ್ಣ ಅದ್ದಿದ್ದು, ಬಣ್ಣ ಸಾಲದೆ ಕೊನೆಯ ಎರಡು ಬೇರೆಯಾಗಿಬಿಟ್ಟದ್ದು, ಆ ಇಬ್ಬರು ಹುಡುಗರು ಮುನಿಸಿಕೊಂಡದ್ದು. ಪಂದ್ಯದ ದಿನ ಬೆಳಿಗ್ಗೆ ಎಲ್ಲರಿಗೂ ರಾಗಿ ಅಂಬಲಿ, ಗೆದ್ದರೆ ರಾತ್ರಿ ಕುಷ್ಕ, ಸೋತರೆ ಯಾರೂ ಮನೆಗೆ ಬರುತ್ತಿರಲಿಲ್ಲ. ಒಂದು ಸಲ ಮೊಣಕಾಲು ಮುರಿದುಕೊಂಡವನನ್ನು ಬೌರಿಂಗ್ ಆಸ್ಪತ್ರೆಗೆ ಸೇರಿಸಲು ತಮ್ಮ ಮೂಗುತಿ ಅಡವಿಟ್ಟದ್ದು. "ಬಿಡಿಸಿಕೊಂಡ್ರಾ ಅಜ್ಜಿ?" ಎಂದೆ. ಮೂಗು ಮುಟ್ಟಿ ತೋರಿಸಿದರು. "ಇದು ಬೇರೆ. ಮಗ ಕೆಲಸಕ್ಕೆ ಸೇರಿದ ಮೇಲೆ ಮಾಡಿಸಿಕೊಟ್ಟ."

ಆಗಿನ ಚೆಂಡಿನೊಳಗೆ ರಬ್ಬರಿನ ಬ್ಲಾಡರು, ಹೊರಗೆ ಚರ್ಮ, ಗಾಳಿ ತುಂಬಿದ ಮೇಲೆ ಬಾಯಿಯನ್ನು ದಾರದಿಂದ ಬಿಗಿಯಬೇಕು. ಹೊಲಿಗೆ ಬಿಟ್ಟರೆ ಚಮ್ಮಾರನ ಹತ್ತಿರ ಹೋಗಲು ದುಡ್ಡಿಲ್ಲ. ಅಜ್ಜಿಯೇ ಹೊಲಿಯುತ್ತಿದ್ದರಂತೆ. ಎದ್ದು ಹೋಗಿ ಗೋಡೆಯ ಗೂಡಿನಿಂದ ಒಂದು ದಬ್ಬಳ ತಂದು ನನ್ನ ಕೈಯಲ್ಲಿಟ್ಟರು. ಗೋಣಿಚೀಲ ಹೊಲಿಯುವ ಸಾಮಾನ್ಯ ದಬ್ಬಳ. ತುದಿ ಸ್ವಲ್ಪ ಬಾಗಿತ್ತು. "ಚೆಂಡಿನ ಚರ್ಮ ಗಟ್ಟಿ ನೋಡು" ಎಂದರು.

ಹಳೆಯ ಫೋಟೋಗಳೆಲ್ಲ ಒಂದು ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿ ಹೋಗಿವೆ. ಒಂದೇ ಉಳಿದಿದೆ. ಎರಡು ಸಾಲು ಹುಡುಗರು, ಮುಂದೆ ಕೂತವರ ಕಾಲು ಬರಿಗಾಲು, ನಡುವೆ ಚೆಂಡು. ಚೆಂಡಿನ ಮೇಲೆ ಸುಣ್ಣದಲ್ಲಿ ಇಸವಿ ಬರೆದಿದ್ದಾರೆ, ಕೊನೆಯ ಅಂಕೆ ಅಳಿಸಿದೆ. ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಮೊಮ್ಮಗಳು ಒಬ್ಬೊಬ್ಬರನ್ನೂ ವರ್ಣಿಸುತ್ತಾ ಹೋದಳು: ಉದ್ದ ಕೂದಲಿನವನು, ಕೈಕಟ್ಟಿ ನಿಂತವನು, ಹಲ್ಲು ಮುಂದಿರುವವನು. ಅಜ್ಜಿ ಹೆಸರು ಹೇಳುತ್ತಾ ಹೋದರು. ಯಾರ ಮಗ, ಯಾವ ಬೀದಿ, ಎಲ್ಲಿ ಕೆಲಸ, ಯಾವಾಗ ಹೋದ. ನಾನು ಬರೆದುಕೊಂಡೆ, ಈ ಸಲ ನೀಲಿ ಮಸಿಯಲ್ಲಿ. ಒಂಬತ್ತು ಹೆಸರು ಸಿಕ್ಕವು. ಇಬ್ಬರ ಗುರುತು ಹತ್ತಲಿಲ್ಲ. ಬಣ್ಣ ಸಾಲದೆ ಬೇರೆ ಬನಿಯನ್ ಹಾಕಿಕೊಂಡವರು ಅವರೇ ಇರಬೇಕು ಎಂದು ಮೊಮ್ಮಗಳ ಅನುಮಾನ, ಕಪ್ಪುಬಿಳುಪು ಫೋಟೋದಲ್ಲಿ ಅವರದು ಸ್ವಲ್ಪ ತೆಳುವಾಗಿ ಕಾಣುತ್ತದೆ. ಮರ್ಫಿ ಟೌನಿನಲ್ಲಿ ಆಗಿನವರೊಬ್ಬರು ಇನ್ನೂ ಇದ್ದಾರಂತೆ, ಅವರಿಗೆ ಗೊತ್ತಿರುತ್ತದೆ, ಆದರೆ ಬೇಗ ಹೋಗಬೇಕು ಎಂದರು ಅಜ್ಜಿ. ಪುಸ್ತಕದಲ್ಲಿ ಎರಡು ಸಾಲು ಖಾಲಿ ಬಿಟ್ಟಿದ್ದೇನೆ. ಈ ಭಾನುವಾರ ಮರ್ಫಿ ಟೌನಿಗೆ ಹೋಗುತ್ತಿದ್ದೇವೆ, ಅವಳು, ಅವಳ ಮಗಳು ಮತ್ತು ನಾನು.